ವಾರಕ್ಕೆ ಐದು ಡಿಗ್ರಿ

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು ತಮ್ಮ ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಸುಳ್ಳು ತಕ್ಕಡಿಗೂ ಮುದ್ರೆ ಒತ್ತಿದವರಲ್ಲ. ಪೇಟೆಯ ವರ್ತಕರು ಎದುರಿಗೆ ನಕ್ಕು, ಬೆನ್ನ ಹಿಂದೆ ಅವರನ್ನು ‘ಕೂದಲೆಳೆ ಸಾಹೇಬರು’ ಎಂದು ಕರೆಯುತ್ತಿದ್ದರು. ತಟ್ಟೆಯ ಮೇಲೆ ಒಂದು ಕೂದಲೆಳೆ ಬಿದ್ದರೂ ಮುಳ್ಳು ಅಲುಗಬೇಕೆಂಬುದು ಅವರ ಹಟವಾಗಿತ್ತು. ಇಂಥ ಮನುಷ್ಯ ತಮ್ಮ ಸ್ವಂತ ಮನೆಯಲ್ಲಿ, ಕೈಹಿಡಿದ ಹೆಂಡತಿಗೆ, ಎಂಟು ವಾರಗಳ ಕಾಲ ಕ್ರಮಬದ್ಧವಾಗಿ ಅಳತೆಯಲ್ಲಿ ಮೋಸಮಾಡಿದರೆಂದರೆ ಪೇಟೆಯಲ್ಲಿ ಯಾರೂ ನಂಬಲಾರರು. ನಂಬಲಿ, ಬಿಡಲಿ, ನಡೆದದ್ದು ಹಾಗೆಯೇ. ಮೊದಲಿನಿಂದ ಹೇಳುವುದು ಮೇಲು.

ಸಾಹೇಬರ ಹೆಂಡತಿ ಊರಾಚೆಯ ದೊಡ್ಡ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ನಡೆಸುತ್ತಿದ್ದರು. ಈ ಯಂತ್ರದ ಸ್ವಭಾವ ವಿಚಿತ್ರವಾದದ್ದು. ಮುಂದಿನ ಎರಡು ಕಬ್ಬಿಣದ ತೋಳುಗಳ ಮೇಲೆ ಆಳೆತ್ತರದ ಸರಕು ಏರಿತೆಂದರೆ ನಡೆಸುವವರಿಗೆ ಎದುರಿನ ದಾರಿ ಕಾಣುವುದಿಲ್ಲ. ಆದ್ದರಿಂದ ದಿನದ ಅರ್ಧಪಾಲು ಹಿಮ್ಮುಖವಾಗಿಯೇ ಸಾಗಬೇಕು. ಸಾಗುವಾಗ ಕತ್ತನ್ನು ಹೆಗಲಿನಾಚೆಗೆ ತಿರುಗಿಸಿ ನೋಡುತ್ತಲೇ ಇರಬೇಕು. ಆಕೆ ಇದರಲ್ಲಿ ಎಷ್ಟು ಪಳಗಿದ್ದರೆಂದರೆ ಗೋದಾಮಿನ ಮಂದಿ ‘ರಿವರ್ಸ್ ರಾಣಿ’ ಎಂದೇ ಕರೆಯುತ್ತಿದ್ದರು. ಇಕ್ಕೆಲದ ಕಪಾಟುಗಳ ನಡುವಿನ ಕಿರಿದಾದ ಸಾಲಿನಲ್ಲಿ, ಎರಡೂ ಬದಿಗೆ ಗೇಣಳತೆಯ ಜಾಗ ಬಿಟ್ಟುಕೊಂಡು, ಹಾಡು ಗುನುಗುತ್ತ ಹಿಂದಕ್ಕೆ ಬರುವ ಆಕೆಯನ್ನು ನೋಡಲು ಹೊಸಬರು ಕೆಲಸ ನಿಲ್ಲಿಸಿ ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಸಾಲಿನ ತಿರುವಿನಲ್ಲಿ ಇನ್ನೊಂದು ಫೋರ್ಕ್‌ಲಿಫ್ಟ್ ಆಕೆಯ ಯಂತ್ರಕ್ಕೆ ಹಿಂದಿನಿಂದ ಗುದ್ದಿತು. ಮೈಗೆ ಒಂದು ಗೀರೂ ಆಗಲಿಲ್ಲ. ಕತ್ತು ಮಾತ್ರ ಜಾಡಿಸಿಹೋಯಿತು. ತಿಂಗಳಿಗಿಂತ ಹೆಚ್ಚು ಕಾಲ ಕತ್ತಿಗೆ ಪಟ್ಟಿ ಕಟ್ಟಿದರು. ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಕತ್ತು ಎಡಕ್ಕೆ ಹದಿನೈದು ಡಿಗ್ರಿ, ಬಲಕ್ಕೆ ಹದಿನೈದು ಡಿಗ್ರಿ, ಅದಕ್ಕಿಂತ ಒಂದಿಷ್ಟೂ ಆಚೆಗೆ ಹೋಗದು. ಯಾರಾದರೂ ಪಕ್ಕದಿಂದ ಕರೆದರೆ ಆಕೆ ಬೀರುವಿನಂತೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು.

ಗೋದಾಮಿನ ಚಿಕಿತ್ಸಾಲಯದ ಡಾಕ್ಟರಮ್ಮ ಪರೀಕ್ಷಿಸಿ ಹೇಳಿದರು: “ಗಾಯ ಪೂರ್ತಿ ಮಾಗಿದೆ. ಈಗ ನಿಮ್ಮ ಕತ್ತನ್ನ ಹಿಡಿದಿರೋದು ಭಯ. ದಿನಕ್ಕೆ ಮೂರು ಹೊತ್ತು, ಒಂದೊಂದು ಕಡೆಗೆ ಇಪ್ಪತ್ತು ಸಲ ತಿರುಗಿಸಿ. ಹತ್ತು ವಾರ ಬಿಟ್ಟು ಪರೀಕ್ಷೆ. ಎರಡೂ ಕಡೆ ಐವತ್ತು ಡಿಗ್ರಿ ತಿರುಗಿ ಬೆನ್ನ ಹಿಂದಿನ ಬೋರ್ಡಿನ ಅಂಕಿ ಓದಿದ್ರೆ ಗಾಡಿ ನಿಮ್ಮದು.”

“ಓದದೇ ಇದ್ರೆ?”

“ಚೀಟಿ ಕೋಣೆ. ಕಾಯಂ.”

ಚೀಟಿ ಕೋಣೆಯೆಂದರೆ ಗೋದಾಮಿನ ಮೂಲೆಯ ಕಿಟಕಿಯಿಲ್ಲದ ಕೊಠಡಿ. ಅಲ್ಲಿ ಎಂಟು ತಾಸು ಕುಳಿತು ಡಬ್ಬಗಳಿಗೆ ಚೀಟಿ ಅಂಟಿಸಬೇಕು. ಸದ್ಯಕ್ಕೆ ಆಕೆಯನ್ನು ಹಾಕಿದ್ದೂ ಅಲ್ಲಿಗೇ. ಮೊದಲ ದಿನ ಮನೆಗೆ ಬಂದವರೇ ಚೀಲವನ್ನು ಕುರ್ಚಿಯ ಮೇಲೆ ಎಸೆದು, “ಚೀಟಿ ಅಂಟ್ಸೋಕೆ ನಾನೇನು ಗೋಂದಾ?” ಎಂದು ಗಂಡನನ್ನು ಕೇಳಿದರು.

ಅಕ್ಕನ ಮುಖ ಸಪ್ಪಗಾಗಿದ್ದನ್ನು ಕಂಡು ಆಕೆಯ ತಮ್ಮ ಒಂದು ಉಪಾಯ ಮಾಡಿದ. ಅವನು ಲಿಫ್ಟ್ ಮೆಕ್ಯಾನಿಕ್. ಬಿಡುವಿನ ವೇಳೆಯಲ್ಲಿ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಅವನಿಗೆ ಬಹುಕಾಲದಿಂದ ಇತ್ತು. ತನ್ನ ಹಳೆಯ ಕಂಪ್ಯೂಟರು, ದೊಡ್ಡ ಪರದೆ, ಹಾರಾಟದ ಹಿಡಿಕೋಲು ಎಲ್ಲವನ್ನೂ ತಂದು, ಭಾವನ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೋಣೆಯ ಮೇಜಿನ ಮೇಲೆ ಜೋಡಿಸಿದ. ಕೊನೆಗೆ ಜೇಬಿನಿಂದ ಒಂದು ಟೋಪಿಯನ್ನು ಹೊರತೆಗೆದ. ಅದರ ಅಂಚಿನಲ್ಲಿ ಕಾಳಿನಷ್ಟು ಗಾತ್ರದ ಮೂರು ದೀಪಗಳಿದ್ದವು. ಅವುಗಳ ಬೆಳಕು ಮನುಷ್ಯರ ಕಣ್ಣಿಗೆ ಕಾಣದು. ಪರದೆಯ ನೆತ್ತಿಯ ಮೇಲೆ ಕೂರಿಸಿದ ಪುಟ್ಟ ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಟೋಪಿ ತೊಟ್ಟವರು ತಲೆಯನ್ನು ಅತ್ತಿತ್ತ ತಿರುಗಿಸಿದರೆ ಕ್ಯಾಮೆರಾ ಅದನ್ನು ಗುರುತಿಸಿ, ಪರದೆಯೊಳಗಿನ ನೋಟವನ್ನೂ ಆ ಕಡೆಗೇ ತಿರುಗಿಸುತ್ತದೆ.

“ಅಕ್ಕ, ಹಾಕ್ಕೊಂಡು ಸ್ವಲ್ಪ ಎಡಕ್ಕೆ ತಿರುಗು.”

“ನೋಯುತ್ತೆ ಕಣೋ.”

“ಸ್ವಲ್ಪ ಅಂದೆ. ಕೆನ್ನೆ ಮೇಲಿನ ನೊಣ ಓಡಿಸೋವಷ್ಟು. ಕಣ್ಣು ಮಾತ್ರ ಪರದೆ ಬಿಡಬಾರದು.”

ಆಕೆ ನೊಣ ಓಡಿಸುವಷ್ಟೇ ತಿರುಗಿದರು. ಪರದೆಯೊಳಗೆ ವಿಮಾನದ ಮೂತಿ ಜಾರಿಹೋಯಿತು, ಎಡ ರೆಕ್ಕೆ ಬಂದಿತು, ರೆಕ್ಕೆಯೂ ಜಾರಿ ಹಿಂದಿನ ಬಾಲವೇ ಕಾಣಿಸಿಕೊಂಡಿತು.

“ಅಯ್ಯಯ್ಯೋ, ಬಾಲ!” ಎಂದು ಆಕೆ ಕೂಗಿದ್ದು ಅಡುಗೆಮನೆಯಲ್ಲಿದ್ದ ಸಾಹೇಬರಿಗೆ ಕೇಳಿಸಿತು. ತಿಂಗಳುಗಳ ಮೇಲೆ ಹೆಂಡತಿಯ ಗಂಟಲಿನಿಂದ ಬಂದ ಸಂತೋಷದ ಮೊದಲ ಸದ್ದು ಅದು. ಅವರು ಸೌಟು ಹಿಡಿದುಕೊಂಡೇ ಓಡಿಬಂದರು.

ಅಂದಿನಿಂದ ಆಕೆ ಸಂಜೆಯೆಲ್ಲ ಪುಟ್ಟ ವಿಮಾನವೊಂದನ್ನು ಏರಿಸುವುದು, ಇಳಿಸುವುದು. ಎರಡೇ ವಾರದಲ್ಲಿ ಒಳ್ಳೆಯ ಹಿಡಿತ ಬಂದಿತು. ಆದರೆ ಡಾಕ್ಟರಮ್ಮ ಹೇಳಿದ ವ್ಯಾಯಾಮ ಮೂಲೆಗೆ ಬಿತ್ತು.

“ಇವತ್ತು ಕತ್ತಿನ ವ್ಯಾಯಾಮ ಆಯ್ತಾ?” ಎಂದು ಸಾಹೇಬರು ಕೇಳುವರು.

“ನಾಲ್ಕು ಸಲ ಇಳಿಸಿದೆ ರೀ, ಒಂದು ಸಲಾನೂ ಪುಟಿಯಲಿಲ್ಲ.”

“ನಾನು ಕೇಳಿದ್ದು ಕತ್ತು.”

“ಕತ್ತು ಇರೋ ಕಡೆ ಇದೆ ಬಿಡಿ. ವಿಮಾನದಲ್ಲಿ ಕೂತ್ರೆ ಬಾಲದವರೆಗೂ ತಿರುಗುತ್ತೆ. ಅಷ್ಟು ಸಾಲದಾ?”

“ಗೋದಾಮಿನಲ್ಲಿ ಈ ಟೋಪಿ ನಡೆಯಲ್ಲ ಕಣೇ.”

“ಕೂತ ಕಡೆ ನೆಮ್ಮದಿಯಾಗಿರೋಕೆ ಬಿಡಲ್ಲ ನೀವು!” ಎಂದು ಆಕೆ ಮುಖ ತಿರುಗಿಸುವ ಬದಲು ಮೈಯನ್ನೇ ತಿರುಗಿಸಿಕೊಂಡರು. ಕೋಪವನ್ನು ತೋರಿಸಲೂ ಆ ಕತ್ತು ಒದಗುತ್ತಿರಲಿಲ್ಲ. ಹತ್ತು ವಾರಗಳಲ್ಲಿ ಎರಡು ಹೀಗೆ ಕಳೆದುಹೋದವು.

ಆ ಭಾನುವಾರ ಆಕೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಸಾಹೇಬರು ಭಾವಮೈದುನನನ್ನು ಪರದೆಯ ಮುಂದೆ ಕೂರಿಸಿಕೊಂಡರು.

“ಹದಿನೈದು ಡಿಗ್ರಿ ತಿರುಗೋ ಕತ್ತಿಗೆ ಬಾಲ ಹೇಗಯ್ಯಾ ಕಾಣುತ್ತೆ?”

ಭಾವಮೈದುನ ಪರದೆಯ ಮೇಲೆ ಒಂದು ಕಿಟಕಿ ತೆರೆದು ತೋರಿಸಿದ. ಅದರಲ್ಲಿ ಎರಡು ಬಾಗುಗೆರೆಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. “ತಲೆ ಎಷ್ಟು ತಿರುಗಿದ್ರೆ ನೋಟ ಎಷ್ಟು ತಿರುಗಬೇಕು ಅನ್ನೋದು ಈ ಗೆರೆ, ಭಾವ. ಪರದೆ ಮುಂದೇನೇ ಇರುತ್ತಲ್ಲ, ತಲೆ ಪೂರ್ತಿ ತಿರುಗಿಸಿಬಿಟ್ರೆ ಪರದೆ ಕಾಣೋದಿಲ್ಲ. ಅದಕ್ಕೆ ಸ್ವಲ್ಪ ತಿರುಗಿದ್ದನ್ನ ಇದು ಬಹಳ ಮಾಡಿ ತೋರಿಸುತ್ತೆ. ಅಕ್ಕನ ಕತ್ತು ನೋಡಿ ನಾನು ಇನ್ನೂ ಕಡಿದಾಗಿ ಏರಿಸಿದೀನಿ.”

ಸಾಹೇಬರು ಕನ್ನಡಕವನ್ನು ಮೂಗಿನ ತುದಿಗೆ ತಂದು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಒಂದು ತೋಳು ಗಿಡ್ಡ, ಒಂದು ತೋಳು ಉದ್ದವಿರುವ ತಕ್ಕಡಿಗಳನ್ನು ಅವರು ಜೀವಮಾನವೆಲ್ಲ ಜಪ್ತಿ ಮಾಡಿದ್ದರು. ಇದು ಅದೇ. ಇತ್ತ ಒಂದು ಹಿಡಿ ಹಾಕಿದರೆ ಅತ್ತ ಒಂದು ಮೂಟೆ ಏಳುತ್ತದೆ.

“ಈ ಗೆರೆ ಸ್ವಲ್ಪ ತಗ್ಗಿಸಿದ್ರೆ?”

“ಅದೇ ಬಾಲ ನೋಡೋಕೆ ಅಕ್ಕ ಇನ್ನೂ ಸ್ವಲ್ಪ ಜಾಸ್ತಿ ತಿರುಗಬೇಕಾಗುತ್ತೆ.” ಎಂದವನೇ ಭಾವನ ಮುಖ ನೋಡಿ, “ಭಾವ! ನೀವಾ?” ಎಂದು ಬಾಯಿ ತೆರೆದ.

“ಬಾಯಿ ಮುಚ್ಚು, ನೊಣ ಹೋಗುತ್ತೆ. ಹೇಗೆ ತಗ್ಗಿಸೋದು ತೋರಿಸು.”

ಆದರೂ ಸಾಹೇಬರು ಅಳತೆಯ ಮನುಷ್ಯ; ಅಂದಾಜಿನಲ್ಲಿ ಕೈಹಾಕುವವರಲ್ಲ. ಗೆರೆಯನ್ನು ಮುಟ್ಟುವ ಮೊದಲು ಒಂದು ನೆವ ಹೂಡಿ ಡಾಕ್ಟರಮ್ಮನನ್ನು ಕಂಡರು. “ಒಬ್ಬ ಮನುಷ್ಯ ತನಗೇ ಗೊತ್ತಿಲ್ಲದ ಹಾಗೆ ಕತ್ತನ್ನ ದಿನಾ ಸ್ವಲ್ಪ ಹೆಚ್ಚು ಹೆಚ್ಚು ತಿರುಗಿಸ್ತಾ ಹೋದ್ರೆ, ಅಪಾಯ ಉಂಟೇ?” ಎಂದು ವಿಚಾರಿಸಿದರು. ಡಾಕ್ಟರಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿ, “ಆ ಒಬ್ಬ ಮನುಷ್ಯನಿಗೆ ವಾರಕ್ಕೆ ಐದು ಡಿಗ್ರಿಗಿಂತ ಹೆಚ್ಚು ಬೇಡ ಅಂತ ಹೇಳಿ. ಜೋರು ನೋವು ಬಂದ್ರೆ ನಿಲ್ಲಿಸಬೇಕು. ಮತ್ತೆ, ಆ ಮನುಷ್ಯ ಹೆಂಗಸು ತಾನೇ?” ಎಂದರು. ಸಾಹೇಬರು ಕೆಮ್ಮಿ ಎದ್ದುಬಂದರು.

ಹೀಗೆ ಮೋಸ ಆರಂಭವಾಯಿತು. ಪ್ರತಿ ಭಾನುವಾರ ಸ್ನಾನದ ಕೋಣೆಯಲ್ಲಿ ನೀರಿನ ಸದ್ದು ಕೇಳಿದೊಡನೆ ಸಾಹೇಬರು ಇಸ್ತ್ರಿಯ ಕೋಣೆಗೆ ನುಗ್ಗುವರು. ಟೋಪಿ ತೊಟ್ಟು, ಶಾಲೆಯ ಕೋನಮಾಪಕವನ್ನು ಕೆನ್ನೆಗೆ ಹಿಡಿದು, ಬಾಲ ಕಾಣಲು ತಲೆ ಸರಿಯಾಗಿ ಐದು ಡಿಗ್ರಿ ಹೆಚ್ಚು ತಿರುಗಬೇಕಾಗುವಂತೆ ಎರಡೂ ಗೆರೆಗಳನ್ನು ತಗ್ಗಿಸುವರು. ನಾಲ್ಕೂವರೆಯೂ ಅಲ್ಲ, ಐದೂಕಾಲೂ ಅಲ್ಲ. ಮೋಸವಾದರೂ ಕೂದಲೆಳೆಯ ಲೆಕ್ಕದ ಮೋಸ.

ಇದರ ಫಲವನ್ನು ತಿಳಿಯಲು ವಿಮಾನ ಇಳಿಸುವ ಬಗೆಯನ್ನು ಒಂದಿಷ್ಟು ತಿಳಿಯಬೇಕು. ಇಳಿಯುವ ಮೊದಲು ವಿಮಾನ ರನ್‌ವೇಯ ಪಕ್ಕದಲ್ಲಿ, ಅದಕ್ಕೆ ಎದುರು ದಿಕ್ಕಿನಲ್ಲಿ ಸಾಗುತ್ತದೆ. ರನ್‌ವೇಯ ತುದಿ ಹೆಗಲಿನ ಹಿಂದಕ್ಕೆ ಸರಿದ ಮೇಲೆ ತಿರುಗಬೇಕು. ಆ ತುದಿಯನ್ನು ಹೆಗಲಿನ ಮೇಲಿಂದ ನೋಡದಿದ್ದರೆ ತಿರುಗುವ ಹೊತ್ತು ತಿಳಿಯುವುದಿಲ್ಲ. ಸೋಮವಾರದ ಸಂಜೆ ಆಕೆ ಎಂದಿನಂತೆ ನೊಣ ಓಡಿಸಿದರು. ರನ್‌ವೇ ಇರಬೇಕಾದ ಕಡೆ ರೆಕ್ಕೆ ಮಾತ್ರ ಕಂಡಿತು. ತಿರುಗುವುದು ತಡವಾಗಿ, ವಿಮಾನ ಯಾರದೋ ಹೊಲದಲ್ಲಿ ಇಳಿಯಿತು.

ಕೂಡಲೇ ತಮ್ಮನಿಗೆ ಫೋನು ಹೋಯಿತು. “ನಿನ್ನ ಟೋಪಿಗೆ ವಯಸ್ಸಾಯ್ತು ಕಣೋ. ತಲೆ ಅಷ್ಟು ತಿರುಗಿಸಿದ್ರೂ ಸೋಮಾರಿ ಥರ ಅರ್ಧಕ್ಕೇ ನಿಲ್ಲುತ್ತೆ.”

“ದೀಪ ಮಂಕಾಗಿರಬೇಕು ಅಕ್ಕ. ಇನ್ನೊಂಚೂರು ತಿರುಗು, ಬರುತ್ತೆ.”

ಇನ್ನೊಂಚೂರು ತಿರುಗಿದರೆ ಬರುತ್ತಿತ್ತು. ಕತ್ತಿನಲ್ಲಿ ಒಮ್ಮೆ ಚುರುಕ್ಕೆನ್ನುತ್ತಿತ್ತು; ಆದರೆ ಗಮನವೆಲ್ಲ ರನ್‌ವೇಯ ತುದಿಯ ಮೇಲಿದ್ದುದರಿಂದ ಆ ಚುರುಕನ್ನು ವಿಚಾರಿಸಿಕೊಳ್ಳಲು ಆಕೆಗೆ ಪುರುಸೊತ್ತು ಇರುತ್ತಿರಲಿಲ್ಲ. ವಾರದ ಕೊನೆಗೆ ಒಗ್ಗಿಹೋಗಿ, ವಿಮಾನ ರನ್‌ವೇಯ ಮೇಲೆಯೇ ಇಳಿಯುತ್ತಿತ್ತು. ಮರುದಿನ ಭಾನುವಾರ.

ಎರಡು ಭಾನುವಾರಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸಾಹೇಬರು ತಿಂಡಿಗೆ ಕುಳಿತಿದ್ದ ಹೆಂಡತಿಯ ಎಡಬದಿಗೆ ನಿಂತು, “ಉಪ್ಪು ಕೊಡ್ತೀಯಾ?” ಎಂದರು. ಆಕೆ ಕತ್ತು ತಿರುಗಿಸಿ ಕೊಟ್ಟರು. ಸಾಹೇಬರ ಎದೆ ಉಬ್ಬಿತು. ಬಲಬದಿಗೆ ಬಂದು ನಿಂತು, “ಉಪ್ಪು ತಗೊಳ್ತೀಯಾ?” ಎಂದರು. ಆಕೆ ಬೀರುವಿನಂತೆ ಇಡೀ ಮೈಯನ್ನು ತಿರುಗಿಸಿ, “ಏನ್ರೀ ಇದು, ಬೆಳಬೆಳಿಗ್ಗೆ ಉಪ್ಪಿನ ಆಟ?” ಎಂದರು.

ಉಬ್ಬಿದ ಎದೆ ಇಳಿಯಿತು. ಸಾಹೇಬರು ಮಹಡಿಗೆ ಹೋಗಿ ಭಾವಮೈದುನನಿಗೆ ಪಿಸುದನಿಯಲ್ಲಿ ಫೋನು ಮಾಡಿದರು. “ಎಡಗಡೆ ಇಪ್ಪತ್ತೈದು ಬಂದಿದೆ. ಬಲಗಡೆ ಇನ್ನೂ ಹದಿನೈದರಲ್ಲೇ ಕೂತಿದೆ. ಏನಯ್ಯಾ ಇದು?”

“ಅಯ್ಯೋ, ಹೌದಲ್ಲ! ಸಾಮಾನ್ಯವಾಗಿ ಸುತ್ತು ಹಾಕೋದು ಎಡಕ್ಕೇ, ಭಾವ. ರನ್‌ವೇ ಯಾವಾಗ್ಲೂ ಎಡಗಡೆ ಇರುತ್ತೆ. ಬಲಕ್ಕೆ ನೋಡೋ ಕೆಲಸಾನೇ ಬೀಳಲ್ಲ.”

“ಬಲಕ್ಕೆ ಸುತ್ತೋ ಊರು ಒಂದೂ ಇಲ್ವಾ?”

ಇತ್ತು. ಎಡಕ್ಕೆ ಗುಡ್ಡವೊಂದು ಅಡ್ಡ ನಿಂತ, ಆದ್ದರಿಂದ ಬಲಕ್ಕೇ ಸುತ್ತಿ ಇಳಿಯಬೇಕಾದ ಪುಟ್ಟ ರನ್‌ವೇಯೊಂದನ್ನು ಭಾವಮೈದುನ ಹುಡುಕಿ ತಂದ. ಅಕ್ಕನಿಗೆ ತೋರಿಸುವಾಗ ಸುಮ್ಮನೆ ತೋರಿಸಲಿಲ್ಲ. “ಇದು ನಿನ್ನ ಕೈಲಿ ಆಗಲ್ಲ ಬಿಡಕ್ಕ. ನಾನೇ ಆರು ಸಲ ಗುಡ್ಡಕ್ಕೆ ಹೊಡೆದಿದೀನಿ” ಎಂದ. ಆಕೆ ಅವನ ಕೈಯಿಂದ ಟೋಪಿಯನ್ನು ಕಿತ್ತುಕೊಂಡು, “ಕಿರಿಯವನು ಕಿರಿಯವನ ಹಾಗಿರು. ಏಳು ಅಲ್ಲಿಂದ” ಎಂದರು. ಸಾಹೇಬರು ಬಲದ ಗೆರೆಯನ್ನು ಹದಿನೈದಕ್ಕೆ ಹಿಂತಿರುಗಿಸಿ, ಮೂರನೆಯ ಭಾನುವಾರದಿಂದ ಅದನ್ನೂ ಐದೈದರಂತೆ ತಗ್ಗಿಸುತ್ತ ಬಂದರು.

ಇತ್ತ ಆಕೆಯ ಸಂಕಟ ಬೇರೆ. ಕಲಿತಷ್ಟೂ ಕೈ ಪಳಗಬೇಕು. ಇಲ್ಲಿ ಪ್ರತಿ ಸೋಮವಾರ ಕೈ ಕೆಡುತ್ತಿತ್ತು. ತಮ್ಮನು ಎರಡನೆಯ ಟೋಪಿ ತಂದ, ಮೂರನೆಯದನ್ನೂ ತಂದ. “ನೀನು ರಿಪೇರಿ ಮಾಡಿದ ಲಿಫ್ಟಲ್ಲಿ ಜನ ಹತ್ತೋದು ಹೇಗೋ? ಮೂರನೇ ಮಹಡಿ ಒತ್ತಿದ್ರೆ ಎರಡಕ್ಕೆ ಇಳಿಸ್ತೀಯಾ?” ಎಂದು ಆಕೆ ಛೇಡಿಸಿದಾಗ ಅವನು ಹಲ್ಲುಕಚ್ಚಿಕೊಂಡು ಟೋಪಿಯ ದೀಪ ಒರೆಸಿದ. ಹೊರಗೆ ಬಂದು, “ಭಾವ, ನಿಮ್ಮ ಮೋಸಕ್ಕೆ ನನ್ನ ಮರ್ಯಾದೆ ಹೋಗ್ತಿದೆ” ಎಂದು ಗೊಣಗಿದ.

ಮರ್ಯಾದೆಯ ಪ್ರಶ್ನೆ ಸಾಹೇಬರನ್ನೂ ಬಿಡಲಿಲ್ಲ. ಐದನೆಯ ವಾರದಲ್ಲಿ ಒಂದು ದಿನ ಪೇಟೆಯ ಬೇಕರಿಯೊಂದರಲ್ಲಿ ತಪಾಸಣೆ ನಡೆಸಿದಾಗ ತಕ್ಕಡಿಯ ತಟ್ಟೆಯ ಅಡಿಯಲ್ಲಿ ಮೇಣದ ತುಂಡು ಸಿಕ್ಕಿತು. ಬೇಕರಿಯವನು ಕಿಂಚಿತ್ತೂ ಬೆದರದೆ ಉತ್ತರ ಕೊಟ್ಟ: “ಅದು ಎಲ್ಲರಿಗೂ ಅಲ್ಲ ಸಾಹೇಬ್ರೇ. ಎದುರುಮನೆ ಅಜ್ಜಿಗೆ ಮಾತ್ರ. ಅವರಿಗೆ ಸಕ್ಕರೆ ಕಾಯಿಲೆ. ಕಮ್ಮಿ ತಿನ್ನಿ ಅಂದ್ರೆ ಕೇಳಲ್ಲ, ಬಯ್ತಾರೆ. ಅದಕ್ಕೆ ಅವರು ಬಂದಾಗ ಮೇಣ ಅಂಟಿಸ್ತೀನಿ, ಹೋದಮೇಲೆ ಕೀಳ್ತೀನಿ, ಈಗಷ್ಟೇ ಹೋದ್ರು. ಅವರ ಒಳ್ಳೇದಕ್ಕೇ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಸಾಹೇಬರು ಅಂಗಡಿಯೇ ಅದುರುವಂತೆ ಗುಡುಗುತ್ತಿದ್ದರು. ಅಂದು ಮಾತ್ರ ಮೇಣದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದರು.

“ಆ ಅಜ್ಜಿಗೆ ಗೊತ್ತಾದ್ರೆ?” ಎಂದು ಕೊನೆಗೆ ಕೇಳಿದರು.

“ಕೊಂದೇಬಿಡ್ತಾರೆ” ಎಂದ ಬೇಕರಿಯವನು.

ಸಾಹೇಬರು ನೋಟಿಸು ಬರೆದರು, ಬರೆಯದೆ ಬಿಡುವಂತಿರಲಿಲ್ಲ. ಆದರೆ ಅಕ್ಷರಗಳು ಎಂದಿನಷ್ಟು ದುಂಡಗೆ ಬರಲಿಲ್ಲ. ಆ ವಾರವೆಲ್ಲ ಹೇಳಿಬಿಡಲೇ ಎಂಬ ಮಾತು ಅವರ ನಾಲಗೆಯ ತುದಿಯವರೆಗೆ ಬಂದು ಮರಳಿತು. ಹೇಳಿದರೆ ಆಕೆ ಟೋಪಿಯನ್ನೇ ಕಿಟಕಿಯಿಂದ ಎಸೆಯುವುದು ಖಂಡಿತ. ಎಸೆದರೆ ಚೀಟಿ ಕೋಣೆ ಖಂಡಿತ. ಭಾನುವಾರ ನೀರಿನ ಸದ್ದು ಕೇಳಿತು. ಅವರು ಕೋನಮಾಪಕವನ್ನು ಕೈಗೆತ್ತಿಕೊಂಡರು.

ಎಂಟು ಭಾನುವಾರಗಳು ಮುಗಿದು ಪರೀಕ್ಷೆಯ ದಿನ ಬಂದಿತು. ಎಡದ ಗೆರೆ ಏಳನೆಯ ಭಾನುವಾರವೇ ಐವತ್ತನ್ನು ಮುಟ್ಟಿತ್ತು; ಸಾಹೇಬರು ಅದನ್ನು ಅಲ್ಲಿಗೇ ಬಿಟ್ಟಿದ್ದರು. ತಡವಾಗಿ ಹೊರಟ ಬಲದ ಗೆರೆ ನಲವತ್ತೈದರಲ್ಲಿ ನಿಂತಿತ್ತು. ಆಕೆಗೆ ಇದಾವುದೂ ತಿಳಿಯದು. “ಬರೀ ಹದಿನೈದು ಡಿಗ್ರಿ ಇಟ್ಕೊಂಡು ಹೋಗ್ತಿದೀನಿ, ಮುಖಕ್ಕೆ ಮಂಗಳಾರತಿ ಆಗುತ್ತೆ” ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಸಾಹೇಬರು ಆಕೆಯ ಚೀಲ ಹಿಡಿದು ಪಕ್ಕದಲ್ಲಿ ನಡೆದರು.

ಚಿಕಿತ್ಸಾಲಯದ ಕೋಣೆಯ ನಡುವೆ ಒಂದು ಕುರ್ಚಿ. ಎದುರಿಗೆ ಡಾಕ್ಟರಮ್ಮನ ಮೇಜು. ಮೇಜಿನ ಮೇಲೆ ಬೆಳಗುತ್ತಿರುವ ಕಂಪ್ಯೂಟರಿನ ಪರದೆ. ಕುರ್ಚಿಯ ಹಿಂದೆ ಎಡಕ್ಕೂ ಬಲಕ್ಕೂ ಗೋಡೆಯ ಮೇಲೆ ಒಂದೊಂದು ಬೋರ್ಡು. ಡಾಕ್ಟರಮ್ಮ ಆಕೆಯ ತಲೆಗೆ ಮುಳ್ಳಿರುವ ಅಳತೆಯ ಪಟ್ಟಿಯೊಂದನ್ನು ಕಟ್ಟಿ, ಹೆಗಲು ಅಲುಗದಂತೆ ಕುರ್ಚಿಗೆ ಬಿಗಿದರು. ಸಾಹೇಬರು ಮೂಲೆಯ ಸ್ಟೂಲಿನ ಮೇಲೆ ಕುಳಿತರು.

“ಎಡಕ್ಕೆ ತಿರುಗಿ.”

ಆಕೆ ಕತ್ತು ತಿರುಗಿಸಿದರು. ಅದು ಹದಿನೈದನ್ನು ದಾಟಿತು, ಮೂವತ್ತನ್ನು ದಾಟಿತು, ಎಣ್ಣೆ ಹಾಕಿದ ಬಾಗಿಲಿನಂತೆ ಸಲೀಸಾಗಿ ಸಾಗಿ ಐವತ್ತರಲ್ಲಿ ನಿಂತಿತು. ಡಾಕ್ಟರಮ್ಮ ಹುಬ್ಬೇರಿಸಿದರು. “ಭೇಷ್! ಅಂಕಿ ಓದಿ.”

“ಯಾವ ಅಂಕಿ?”

“ಬೋರ್ಡಿನ ಮೇಲಿರೋದು.”

“ಬೋರ್ಡೆಲ್ಲಿದೆ? ನನಗೆ ಕಾಣ್ತಿರೋದು ನಿಮ್ಮ ಕಂಪ್ಯೂಟರು. ನಾಳೆ ಹನ್ನೊಂದು ಗಂಟೆಗೆ ನೀವು ಹಲ್ಲಿನ ಡಾಕ್ಟರ ಹತ್ರ ಹೋಗಬೇಕಂತೆ.”

ಡಾಕ್ಟರಮ್ಮ ಬಗ್ಗಿ ನೋಡಿದರು. ಆಕೆಯ ಮುಖ ಗೋಡೆಯ ಕಡೆಗಿತ್ತು. ಎರಡು ಕಣ್ಣುಗಳು ಮಾತ್ರ ಬಲಮೂಲೆಗೆ ಸರಿದು, ಮೇಜಿನ ಮೇಲಿನ ಪರದೆಗೆ ಅಂಟಿಕೊಂಡಿದ್ದವು. “ಕಣ್ಣನ್ನೂ ತಿರುಗಿಸೀಮ್ಮಾ.”

“ತಿರುಗಿಸ್ತಿದೀನಲ್ಲ!”

ಬಲಕ್ಕೆ ತಿರುಗಿಸಿದರೂ ಅದೇ ಕಥೆ. ಮುಖ ಬಲಕ್ಕೆ, ಕಣ್ಣು ಎಡಮೂಲೆಗೆ. ಮೂರು ಸಲ ಪ್ರಯತ್ನಿಸಿದರು. ಕತ್ತು ಹೋದಷ್ಟೂ ಕಣ್ಣು ಹಿಂದಕ್ಕೆ ಜಾರುತ್ತಿತ್ತು. ಡಾಕ್ಟರಮ್ಮ ಪೆನ್ನನ್ನು ಕೆಳಗಿಟ್ಟರು. “ನನ್ನ ಸೇವೆಯಲ್ಲಿ ಇಂಥದ್ದು ನೋಡಿಲ್ಲ. ಕತ್ತು ಬಂದಿದೆ, ನಿಜ. ಆದ್ರೆ ಹಿಂದಕ್ಕೆ ಹೋಗೋವಾಗ ಮುಂದೆ ನೋಡೋರ ಕೈಗೆ ನಾನು ಗಾಡಿ ಕೊಡೋಕಾಗಲ್ಲ. ಅಂಕಿ ಓದದೆ ಸಹಿ ಇಲ್ಲ.”

ಆಕೆಗೆ ಚೀಟಿ ಕೋಣೆಯ ಬಾಗಿಲು ಕಣ್ಣೆದುರಿಗೇ ತೆರೆದಂತಾಯಿತು. “ಏನಾಗಿದೆ ಡಾಕ್ಟ್ರೇ ನನಗೆ?”

ಏನಾಗಿದೆಯೆಂದು ಆ ಕೋಣೆಯಲ್ಲಿ ಒಬ್ಬರಿಗೆ ಮಾತ್ರ ತಿಳಿದಿತ್ತು. ಸಾಹೇಬರು ಸ್ಟೂಲಿನಿಂದ ಎದ್ದು, ಮೇಲಧಿಕಾರಿಯ ಮುಂದೆ ನಿಂತವರಂತೆ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟರು.

“ತಪ್ಪು ನನ್ನದು. ಎಂಟು ವಾರದಿಂದ ನಿನ್ನ ಗೆರೆ ತಗ್ಗಿಸ್ತಾ ಬಂದಿದೀನಿ. ಪ್ರತಿ ಭಾನುವಾರ, ನೀನು ಸ್ನಾನಕ್ಕೆ ಹೋದಾಗ. ಐದೈದು ಡಿಗ್ರಿ.”

“ಯಾವ ಗೆರೆ?”

“ಟೋಪಿಯದು. ಟೋಪಿ ಕೆಟ್ಟಿರಲಿಲ್ಲ. ನಿನ್ನ ತಮ್ಮನ ತಪ್ಪೂ ಇಲ್ಲ. ನೀನು ಕತ್ತು ಜಾಸ್ತಿ ತಿರುಗಿಸಲಿ ಅಂತ ನಾನೇ ಮಾಡಿದ್ದು. ಆದ್ರೆ ಕತ್ತು ಅತ್ತ ಹೋದಾಗೆಲ್ಲ ಕಣ್ಣು ಇತ್ತ ಪರದೆ ಮೇಲೇ ಉಳೀಬೇಕಿತ್ತಲ್ಲ. ಕತ್ತಿನ ಜೊತೆ ಅದೂ ಅಭ್ಯಾಸ ಆಗಿಹೋಗಿದೆ. ಅದು ನನ್ನ ತಲೆಗೆ ಹೊಳೀಲಿಲ್ಲ.”

ಡಾಕ್ಟರಮ್ಮ, “ಆ ಒಬ್ಬ ಮನುಷ್ಯ!” ಎಂದು ಮೆಲ್ಲಗೆ ಉಸುರಿ, ನಗು ಬಾರದಂತೆ ಕಡತವನ್ನು ಮುಖಕ್ಕೆ ಅಡ್ಡ ಹಿಡಿದರು.

ಆಕೆ ಗಂಡನನ್ನು ನೋಡಿದರು. “ಎಂಟು ವಾರ. ದಿನೇ ದಿನೇ ದಡ್ಡಿ ಆಗ್ತಿದೀನಿ ಅಂತ ಒಳಗೊಳಗೇ ಅತ್ತಿದೀನಿ ನಾನು. ತಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದಿದೀನಿ. ಊರಿಗೆಲ್ಲ ಸರಿಯಾದ ಅಳತೆ ಕೊಡಿಸೋರು, ಮನೇಲಿ ಹೆಂಡತಿ ಟೋಪಿಗೆ ಮೋಸ ಮಾಡಿದ್ರಾ?”

“ಮಾಡಿದೆ.”

“ಹೇಳಿದ್ರೆ ನಾನೇ ತಿರುಗಿಸ್ತಿದ್ದೆ!”

“ತಿರುಗಿಸ್ತಿದ್ಯಾ?”

ಆಕೆ ಗಂಡನಿಂದ ಮುಖ ತಿರುಗಿಸಿ ಡಾಕ್ಟರಮ್ಮನಿಗೆ ಹೇಳಿದರು: “ಡಾಕ್ಟ್ರೇ, ಆ ನಿಮ್ಮ ಪರದೆ ಆರಿಸಿ.”

“ಏನು?”

“ಬೆಳಗೋ ಪರದೆ ಎದುರಿಗಿದ್ರೆ ಈ ಕಣ್ಣು ಬಿಡಲ್ಲ. ಫೋರ್ಕ್‌ಲಿಫ್ಟಲ್ಲಿ ನನ್ನ ಮುಂದೆ ಪರದೆ ಇರಲ್ಲ, ಸರಕಿರುತ್ತೆ. ಆರಿಸಿ, ಅದರ ಮೇಲೆ ಏನಾದ್ರೂ ಹೊದಿಸಿ.”

ಡಾಕ್ಟರಮ್ಮ ಪರದೆಯನ್ನು ಆರಿಸಿ, ಕುರ್ಚಿಯ ಬೆನ್ನಿನಲ್ಲಿದ್ದ ತಮ್ಮ ಬಿಳಿಯ ಕೋಟನ್ನು ಅದಕ್ಕೆ ಹೊದಿಸಿದರು. ಆಕೆ ಒಮ್ಮೆ ಕಣ್ಣುಮುಚ್ಚಿ ತೆರೆದು ಎಡಕ್ಕೆ ತಿರುಗಿದರು. ಕಣ್ಣುಗಳು ಅಭ್ಯಾಸದಂತೆ ಹಿಂದಕ್ಕೆ ಜಾರಿ ಕೋಟನ್ನು ಮುಟ್ಟಿದವು. ಅಲ್ಲಿ ನೋಡುವುದೇನೂ ಇರಲಿಲ್ಲ. ಒಂದು ಗುಂಡಿ, ಒಂದು ಜೇಬು. ಅರೆಗಳಿಗೆ ತಡೆದು, ಮೊಂಡ ಕರು ಕೊನೆಗೂ ಹಗ್ಗದ ಕಡೆಗೆ ಹೆಜ್ಜೆಯಿಟ್ಟಂತೆ, ಅವು ಮುಖದ ಹಿಂದೆಯೇ ಹೊರಟವು.

“ಎಂಬತ್ತಮೂರು” ಎಂದರು ಆಕೆ. ಬಲಕ್ಕೆ ತಿರುಗಿ, ಕಣ್ಣು ಕಿರಿದುಮಾಡಿ, “ಹತ್ತೊಂಬತ್ತು” ಎಂದರು.

ಡಾಕ್ಟರಮ್ಮ ಮುಳ್ಳನ್ನು ನೋಡಿದರು. “ಎಡಕ್ಕೆ ಐವತ್ತು. ಬಲಕ್ಕೆ ನಲವತ್ತೈದು, ಐದು ಕಮ್ಮಿ. ಆದ್ರೂ ಅಂಕಿ ಓದಿದೀರಿ. ಗಾಡಿ ಮೇಲೆ ಕೂತು ತೋರಿಸಿ. ಸರಿಯಿದ್ರೆ ಸಹಿ ಹಾಕ್ತೀನಿ. ಬಲಗಡೆಗೆ ಒಂದು ತಿಂಗಳ ಗಡುವು.”

ಗೋದಾಮಿನ ಮೂರನೆಯ ಸಾಲನ್ನು ತೆರವುಮಾಡಿಸಿದರು. ಸುದ್ದಿ ಹಬ್ಬಿ, ಚೀಟಿ ಕೋಣೆಯವರೂ ಕೈಯ ಗೋಂದು ಒರೆಸಿಕೊಳ್ಳುತ್ತ ಬಂದು ನಿಂತರು. ಆಕೆ ಆಸನವೇರಿ, ಬೆಲ್ಟು ಬಿಗಿದು, ಆಳೆತ್ತರಕ್ಕೆ ಸರಕು ಪೇರಿಸಿದ ಮರದ ಪ್ಯಾಲೆಟ್ಟೊಂದನ್ನು ತೋಳುಗಳ ಮೇಲೆ ಎತ್ತಿಕೊಂಡರು. ಎದುರು ದಾರಿ ಮರೆಯಾಯಿತು. ಕತ್ತು ಹಿಂದಕ್ಕೆ ತಿರುಗಿತು, ಕಣ್ಣುಗಳು ಹಿಂಬಾಲಿಸಿದವು. ಯಂತ್ರ ಪೀಂ ಪೀಂ ಎನ್ನುತ್ತ ಹಿಮ್ಮುಖವಾಗಿ ಹೊರಟಿತು. ಎಡಕ್ಕೊಂದು ನೋಟ, ಬಲಕ್ಕೊಂದು ನೋಟ; ಎರಡೂ ಬದಿಗೆ ಗೇಣಳತೆಯ ಜಾಗ. ಬಲದ ತಿರುವಿನಲ್ಲಿ ಮಾತ್ರ ಆಕೆ ಹೆಗಲನ್ನು ಒಂದಿಷ್ಟು ಜರುಗಿಸಿಕೊಳ್ಳಬೇಕಾಯಿತು.

ಹಳದಿ ಗೆರೆಯ ಆಚೆ ನಿಂತಿದ್ದ ಸಾಹೇಬರ ಪಕ್ಕದಲ್ಲಿಯೇ ಯಂತ್ರ ಹಾದುಹೋಯಿತು. ಆಕೆ ಅವರ ಕಡೆ ನೋಡಲಿಲ್ಲ. ಸಾಲಿನ ತುದಿಯಲ್ಲಿ ಸರಕನ್ನು ಮೆತ್ತಗೆ ಇಳಿಸಿದಾಗ ಜನ ಚಪ್ಪಾಳೆ ತಟ್ಟಿದರು, ಡಾಕ್ಟರಮ್ಮ ಅಲ್ಲಿಯೇ ಒಂದು ಡಬ್ಬದ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಸಾಹೇಬರು ಹತ್ತಿರ ಹೋಗಲೋ ಬೇಡವೋ ಎಂದು ಟೊಪ್ಪಿಗೆಯಿಲ್ಲದ ಪೊಲೀಸಿನವನಂತೆ ನಿಂತಲ್ಲೇ ನಿಂತಿದ್ದರು.

ಯಂತ್ರ ಮತ್ತೆ ಹಿಮ್ಮುಖವಾಗಿ ಬಂದು ಅವರ ಮುಂದೆ ನಿಂತಿತು.

“ರೀ.”

“ಹೇಳು.”

“ಬಲಗಡೆ ಐದು ಕಮ್ಮಿ ಅಂತೆ. ಕೇಳಿಸ್ಕೊಂಡ್ರಲ್ಲ?”

“ಕೇಳಿಸ್ಕೊಂಡೆ.”

“ಭಾನುವಾರ ತಗ್ಗಿಸಿ. ಆದ್ರೆ ಈ ಸಲ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಹೇಳಿ ತಗ್ಗಿಸಿ.” ಆಕೆ ಗೇರು ಬದಲಿಸಿದರು. “ಈಗ ಗೆರೆಯಿಂದ ಆಚೆಗೇ ನಿಲ್ಲಿ, ನನಗೆ ಕೆಲಸ ಇದೆ.”